ಕೂಸಿಗೆ ಡೈಪರ್: ಕಡಿಮೆ ರೊಕ್ಕದಲ್ಲಿ ಯಾವುದು, ಎಷ್ಟು, ಯಾವಾಗ?

ಪ್ರಶ್ನೆ: ಮಗಳು ಬಾಣಂತನಕ್ಕ ಬಂದಾಳ್ರಿ. ಹೆಣ್ಣ ಕೂಸು, ಇವತ್ತಿಗೆ ಒಂಬತ್ತು ದಿನ. ಹುಟ್ಟಿದಾಗ 2 ಕಿಲೋ 700 ಗ್ರಾಂ ಇತ್ತು. ದವಾಖಾನಿಂದ ಬರೂಮುಂದ ತಂದ ಪಾಕೀಟು ನಾಲ್ಕ ದಿನಕ್ಕ ಖಾಲಿ ಆತು. ಆಮ್ಯಾಲ ಓಣ್ಯಾಗಿನ ಅಂಗಡ್ಯಾಗ ಬಿಡಿ ಪೀಸ್ ತರಾಕತ್ತೇವಿ, ಮ್ಯಾಲ ‘ಎಸ್’ ಅಂತ ಬರದೈತಿ, ಬರೇ ಸೋರ್ತಾವು. ತೊಡಿ ಸಂದಿ ಕೆಂಪಗಾಗೇತಿ. ನಮ್ಮ ಬೀಗತಿ, ‘ಡೈಪರ್ ಹಾಕಬ್ಯಾಡ್ರಿ, ಉಷ್ಣ ಆಗತೈತಿ, ಕಾಲು ಸೊಟ್ಟ ಆಗ್ತಾವು’ ಅಂತಾರ. ಮಗಳು ನೋಡಿದ್ರ ಅರಿವಿ ಒಗದು ಒಗದು ಸಾಕಾಗೇತಿ ಅಂತಾಳ. ಭಾಳ ರೊಕ್ಕ ಹಾಕದ ಚೊಲೋ ಡೈಪರ್ ಹ್ಯಾಂಗ ಆರಿಸೂದು?
— ಒಬ್ಬ ಅಜ್ಜಿ, ನವನಗರ, ಬಾಗಲಕೋಟೆ

ಉತ್ತರ: ಸೋರುವುದಕ್ಕೆ ಕಾರಣ ನಿಮ್ಮ ಪತ್ರದಲ್ಲೇ ಇದೆ ಅಕ್ಕಾವರೇ. ಪಾಕೀಟಿನ ಮೇಲೆ ‘ಎನ್‌ಬಿ’ ಎಂದಿದ್ದರೆ ಅದು 5 ಕಿಲೋ ಒಳಗಿನ ಕೂಸಿಗೆ. ‘ಎಸ್’ ಎಂದರೆ 4ರಿಂದ 8 ಕಿಲೋ, ‘ಎಂ’ 7ರಿಂದ 12, ‘ಎಲ್’ 9ರಿಂದ 14. ನಮ್ಮ ಕಡೆ ಸಿಗುವ ಹೆಚ್ಚಿನ ಕಂಪನಿಗಳ ಅಳತೆ ಹೆಚ್ಚುಕಡಿಮೆ ಇದೇ. ನಿಮ್ಮ ಕೂಸು ಹುಟ್ಟಿದ್ದು 2.7 ಕಿಲೋ. ಮೊದಲ ವಾರದಲ್ಲಿ ಕೂಸುಗಳು ತುಸು ಇಳಿದು, 10–14 ದಿನಕ್ಕೆ ಮತ್ತೆ ಹುಟ್ಟಿದ ತೂಕಕ್ಕೆ ಬರುತ್ತವೆ. ಅಂದರೆ ಇವತ್ತಿಗೆ ಅದು ‘ಎಸ್’ ಸೈಜಿನ ಹತ್ತಿರಕ್ಕೂ ಇಲ್ಲ. ಕಾಲಿನ ಎಲಾಸ್ಟಿಕ್ಕಿಗೂ ತೊಡೆಗೂ ನಡುವೆ ಬೆರಳು ಹೋಗುವಷ್ಟು ಸಂದಿ ಉಳಿದರೆ, ಎಷ್ಟೇ ದುಬಾರಿ ಡೈಪರ್ ಇರಲಿ, ಎದೆಹಾಲು ಕುಡಿಯುವ ಕೂಸಿನ ನೀರಾದ ಹೇಲು ಅಲ್ಲಿಂದಲೇ ಹೊರಬೀಳುತ್ತದೆ. ಓಣಿಯ ಅಂಗಡಿಯಲ್ಲಿ ‘ಹಗ್ಗೀಸ್ ಕೊಡ್ರಿ’ ಎಂದರೆ ಯಾವುದೋ ಕಂಪನಿಯ, ಇದ್ದ ಸೈಜಿನ ಡೈಪರ್ ಕೈಗೆ ಬರುವುದು ರೂಢಿ. ಹೆಸರು ಹೇಳಿ ಕೇಳುವುದಕ್ಕಿಂತ ಕೂಸಿನ ತೂಕ ಹೇಳಿ ‘ಎನ್‌ಬಿ’ ಕೇಳಿ. ಎಷ್ಟು ದಿನದ ಕೂಸು ಅನ್ನುವುದು ಇಲ್ಲಿ ಲೆಕ್ಕಕ್ಕಿಲ್ಲ.

ಇನ್ನೊಂದು: ಚಡ್ಡಿಯಂತೆ ಏರಿಸುವ ಪ್ಯಾಂಟ್ ಬೇಡ, ಸದ್ಯಕ್ಕೆ ಎರಡೂ ಕಡೆ ಅಂಟಿಸುವ ಟೇಪ್ ಇರುವುದನ್ನೇ ತನ್ನಿ. ಹೊಕ್ಕುಳಬಳ್ಳಿ ಬೀಳಲು ಸಾಮಾನ್ಯವಾಗಿ ಒಂದರಿಂದ ಎರಡು ವಾರ ಬೇಕು. ಅಲ್ಲಿಯವರೆಗೆ ಡೈಪರಿನ ಮುಂದಿನ ಅಂಚನ್ನು ಹೊರಕ್ಕೆ ಮಡಚಿ ಹೊಕ್ಕುಳಿನ ಕೆಳಗೆ ಇಳಿಸಬೇಕು. ಟೇಪಿನದರಲ್ಲಿ ಅದು ಸಲೀಸು, ಪ್ಯಾಂಟಿನದರ ಸೊಂಟದ ಎಲಾಸ್ಟಿಕ್ ಹೊಕ್ಕುಳನ್ನೇ ಉಜ್ಜುತ್ತದೆ. ಹೊಕ್ಕುಳು ಒಣಗಿರಬೇಕು, ಬೂದಿ, ಅರಿಶಿನ, ಎಣ್ಣೆ ಯಾವುದನ್ನೂ ಹಚ್ಚಬಾರದು. ಪ್ಯಾಂಟ್ ಬೇಕಾಗುವುದು ಕೂಸು ಮಗ್ಗುಲಾಗಿ, ಅಂಬೆಗಾಲಿಟ್ಟು, ಮಲಗಿಸಿದರೆ ನಿಲ್ಲದ ವಯಸ್ಸಿಗೆ, ಏಳೆಂಟು ತಿಂಗಳಿನ ಮೇಲೆ.

ಈಗ ರೊಕ್ಕದ ಮಾತು. ಡೈಪರ್ ಎಂದರೆ ಮೂರು ಪದರು. ಮೈಗೆ ತಾಗುವ ಮೇಲಿನ ತೆಳು ಬಟ್ಟೆ ನೀರನ್ನು ಕೆಳಗೆ ಬಿಡುತ್ತದೆ. ನಡುವೆ ಮರದ ತಿರುಳಿನ ಹತ್ತಿಯಂಥ ನಾರು, ಅದರೊಳಗೆ ಸಕ್ಕರೆಯಂಥ ಪುಡಿ, ಸೋಡಿಯಂ ಪಾಲಿಅಕ್ರಿಲೇಟ್. ಉಚ್ಚೆ ತಾಗಿದರೆ ಅದು ಜೆಲ್ ಆಗಿ ಹಿಡಿದಿಡುತ್ತದೆ. ಹೊರಗಿನದು ನೀರು ಬಿಡದ ಹಾಳೆ. ರೇಟು ಏರುವುದು ಬಹುಪಾಲು ನಡುವಿನ ಪದರಿನಿಂದ: ಪುಡಿ ಹೆಚ್ಚಿದ್ದಷ್ಟೂ ಡೈಪರ್ ತೆಳ್ಳಗೆ, ಹಿಡಿಯುವುದು ಹೆಚ್ಚು. ‘12 ಗಂಟೆ ಒಣಗಿರುತ್ತದೆ’ ಎಂಬ ಜಾಹೀರಾತು ಈ ಪುಡಿಯ ಬಲದ ಮೇಲೆ ನಿಂತಿದೆ.

ಆದರೆ ಒಂಬತ್ತು ದಿನದ ಕೂಸಿಗೆ ಆ 12 ಗಂಟೆ ಯಾಕೆ ಬೇಕು? ಸುಮಾರು 3 ಕಿಲೋ ತೂಕದ ಕೂಸು ಮೂರು ಗಂಟೆಯಲ್ಲಿ ಮಾಡುವ ಉಚ್ಚೆ 20–25 ಎಂ.ಎಲ್., ಸಣ್ಣ ಚಹಾ ಕಪ್ಪಿನ ಅರ್ಧವೂ ಅಲ್ಲ. ಅಷ್ಟನ್ನು ಅಗ್ಗದ ‘ಎನ್‌ಬಿ’ ಡೈಪರೂ ಹಿಡಿಯುತ್ತದೆ. ಮೇಲಾಗಿ ಈ ವಯಸ್ಸಿನ ಕೂಸು ದಿನಕ್ಕೆ ಐದಾರು ಸಲ, ಕೆಲವು ಹತ್ತು ಸಲವೂ, ಹಾಲು ಕುಡಿದಾಗಲೆಲ್ಲ ಹೇಲುತ್ತದೆ. ಹೇಲಿದ ಮೇಲೆ ಡೈಪರ್ ತೆಗೆಯಲೇಬೇಕು, ಒಳಗೆ ಇನ್ನೂ ಒಂದು ಲೋಟ ಹಿಡಿಯುವ ಶಕ್ತಿ ಉಳಿದಿದ್ದರೂ ಅದು ಕಸದ ಪಾಲು. ಹೀಗಾಗಿ ಮೊದಲ ಎರಡು ತಿಂಗಳು ಹೆಚ್ಚು ಹೀರುವ ಡೈಪರಿಗೆ ಹೆಚ್ಚು ರೊಕ್ಕ ಕೊಡುವುದು ದಂಡ. ಈ ಸೈಜಿನಲ್ಲಿ ನೋಡಬೇಕಾದ್ದು ಬೇರೆ: ಮೇಲಿನ ಪದರು ಮೆತ್ತಗಿದೆಯೇ, ಕಾಲಿನ ಒಳಬದಿಗೆ ಎದ್ದು ನಿಲ್ಲುವ ಝಾಲರು ಇದೆಯೇ, ಬೆನ್ನಿನ ಕಡೆ ಎಲಾಸ್ಟಿಕ್ ಇದೆಯೇ, ಟೇಪು ಒಮ್ಮೆ ಬಿಚ್ಚಿದ ಮೇಲೂ ಮತ್ತೆ ಅಂಟುತ್ತದೆಯೇ. ಲೋಳೆಸರದ ಲೋಷನ್, ಸುವಾಸನೆ, ಬೊಂಬೆ ಚಿತ್ರ ಇವಕ್ಕೆ ಒಂದು ಪೈಸೆಯನ್ನೂ ಹೆಚ್ಚಿಗೆ ಕೊಡಬೇಡಿ. ಎಳೆ ಚರ್ಮಕ್ಕೆ ಸುವಾಸನೆ ಇಲ್ಲದ್ದೇ ವಾಸಿ. ನಡುವೆ ಹಳದಿ ಗೆರೆ ಇದ್ದು, ಒದ್ದೆಯಾದರೆ ನೀಲಿ ಆಗುವುದು ಮಾತ್ರ ಈಗ ಉಪಯೋಗದ್ದು. ಐದನೆಯ ದಿನದ ಮೇಲೆ ಕೂಸು 24 ಗಂಟೆಯಲ್ಲಿ ಕನಿಷ್ಠ 6 ಸಲ ಉಚ್ಚೆ ಮಾಡಿದರೆ ಎದೆಹಾಲು ಸಾಲುತ್ತಿದೆ ಎಂದು ಅರ್ಥ. ಡೈಪರ್ ಒಳಗೇ ಹೀರಿಕೊಂಡರೆ ಇದು ಗೊತ್ತಾಗುವುದೇ ಇಲ್ಲ. ಗೆರೆ ಇಲ್ಲದ ಡೈಪರ್ ಆದರೆ, ಒಂದು ಹೊಸ ಪೀಸಿಗೆ ಎರಡು ದೊಡ್ಡ ಚಮಚ ನೀರು ಹಾಕಿ ಕೈಯಲ್ಲಿ ತೂಗಿ ನೋಡಿಟ್ಟುಕೊಳ್ಳಿ. ಒದ್ದೆ ಡೈಪರಿನ ಭಾರ ಆಮೇಲೆ ಕೈಗೇ ತಿಳಿಯುತ್ತದೆ. ಆರಕ್ಕಿಂತ ಕಡಿಮೆ ಬಿದ್ದರೆ, ಅಥವಾ ಉಚ್ಚೆಯಲ್ಲಿ ಈಗಲೂ ಇಟ್ಟಿಗೆ ಬಣ್ಣದ ಕಲೆ ಕಾಣುತ್ತಿದ್ದರೆ, ಅವತ್ತೇ ಮಕ್ಕಳ ಡಾಕ್ಟರಿಗೆ ತೋರಿಸಿ. (ಹೆಣ್ಣು ಕೂಸಿನ ಡೈಪರಿನಲ್ಲಿ ಮೊದಲ ವಾರ ತುಸು ರಕ್ತದ ಲೋಳೆ ಕಂಡರೆ ಗಾಬರಿ ಬೇಡ. ಹುಟ್ಟುವಾಗ ತಾಯಿಯಿಂದ ಬಂದ ಹಾರ್ಮೋನು ಇಳಿಯುವಾಗ ಹಾಗೆ ಆಗುತ್ತದೆ, ತಾನೇ ನಿಲ್ಲುತ್ತದೆ.)

ಎರಡು ಮೂರು ಕಂಪನಿಯವನ್ನು ಮನೆಯಲ್ಲೇ ಪರೀಕ್ಷಿಸಬಹುದು. ಬರೀ ನೀರು ಸುರಿದು ನೋಡಬೇಡಿ. ಆ ಪುಡಿ ಬರೀ ನೀರನ್ನು ತನ್ನ ತೂಕದ ನೂರಾರು ಪಟ್ಟು ಹೀರುತ್ತದೆ, ಉಪ್ಪು ಕರಗಿದ ಉಚ್ಚೆಯನ್ನು ಅದರಲ್ಲಿ ಸಣ್ಣ ಪಾಲಷ್ಟೇ. ಬರೀ ನೀರಿಗೆ ಎಲ್ಲ ಡೈಪರೂ ಪಾಸಾಗುತ್ತವೆ. ಒಂದು ಲೀಟರ್ ಉಗುರುಬೆಚ್ಚಗಿನ ನೀರಿಗೆ 9 ಗ್ರಾಂ ಉಪ್ಪು, ಅಂದರೆ ಮಟ್ಟಸವಾಗಿ ಒಂದೂವರೆ ಚಹಾ ಚಮಚ, ಕರಗಿಸಿ. ಡೈಪರನ್ನು ಬಿಚ್ಚಿ ಹಾಸಿ, ನಡುವೆ 30 ಎಂ.ಎಲ್. ಸುರಿಯಿರಿ; ಔಷಧ ಬಾಟಲಿಯ ಗೆರೆಯಿರುವ ಮುಚ್ಚಳದಿಂದ ಅಳೆದರೆ ಸಾಕು. ನೀರು ಒಳಗಿಳಿಯಲು ಎಷ್ಟು ಸೆಕೆಂಡ್ ಹಿಡಿಯಿತು ಎಣಿಸಿ. ಐದು ನಿಮಿಷ ಬಿಟ್ಟು, ಮೇಲೆ ನಾಲ್ಕು ಮಡಿಕೆಯ ಟಿಶ್ಯೂ ಇಟ್ಟು, ಅದರ ಮೇಲೆ ಒಂದು ಕಿಲೋ ಸಕ್ಕರೆ ಪಾಕೀಟು 15 ಸೆಕೆಂಡ್ ಇಡಿ. ಟಿಶ್ಯೂ ಒದ್ದೆಯಾದರೆ ಕೂಸಿನ ಕುಂಡಿಯೂ ಒದ್ದೆ ಇರುತ್ತದೆ. ಅದೇ ಡೈಪರಿಗೆ ಹೀಗೆ ಮೂರು ಸಲ ಮಾಡಿ. ಎರಡನೆಯ ಸಲಕ್ಕೆ ನೀರು ಮೇಲೆಯೇ ಹರಿದಾಡಿದರೆ, ಅಥವಾ ನಡುವಿನ ನಾರು ಒಡೆದು ಗಂಟುಗಂಟಾಗಿ ಒಂದು ಮೂಲೆಗೆ ಸರಿದರೆ, ಅದು ರಾತ್ರಿಗೆ ಬೇಡ. ಟಿಶ್ಯೂ ಒಣಗಿದ್ದರೆ ಅದರ ರೇಟು ಎಷ್ಟು ಕಡಿಮೆ ಇದ್ದರೂ ಧೈರ್ಯವಾಗಿ ತನ್ನಿ.

ಬಿಡಿ ಪೀಸಿನ ವಿಷಯ. ಕವರಿನೊಳಗೆ ಒಂದೊಂದೇ ಇಟ್ಟು ಸೀಲ್ ಮಾಡಿ, ತೋರಣದಂತೆ ತೂಗುಹಾಕಿದ್ದು ಪರವಾಗಿಲ್ಲ, ಹೊಸ ಕಂಪನಿ ಪರೀಕ್ಷಿಸಲು ಅದೇ ಒಳ್ಳೆಯದು. ಸಂತೆಯಲ್ಲಿ, ತಳ್ಳುಗಾಡಿಯಲ್ಲಿ ಕವರಿಲ್ಲದೆ ಗುಡ್ಡೆ ಹಾಕಿ ಮಾರುವುದು ಬೇರೆ ಮಾಲು. ಹೊಲಿಗೆ ತಪ್ಪಿದ್ದು, ಎಲಾಸ್ಟಿಕ್ ಸಡಿಲಾದದ್ದು, ನಾರು ಒಂದೇ ಕಡೆ ಕೂತದ್ದು ಅದರಲ್ಲಿ ಬರುತ್ತದೆ, ತಯಾರಾದ ತಾರೀಖು ಇರುವುದಿಲ್ಲ, ಧೂಳು ಬೇರೆ. ಪಾಕೀಟಿನ ಮೇಲೆ ತಯಾರಕರ ವಿಳಾಸ, ತಾರೀಖು, ಎಂ.ಆರ್.ಪಿ., ಪೀಸಿನ ಎಣಿಕೆ, ಕೂಸಿನ ತೂಕ ಇಷ್ಟೂ ಇರಬೇಕು. ಮಕ್ಕಳ ಡೈಪರಿಗೆ ಭಾರತೀಯ ಮಾನಕ ಬ್ಯೂರೋ 2021ರಲ್ಲಿ ಮಾಡಿದ ಮಾನಕದ ಸಂಖ್ಯೆ ಐಎಸ್ 17509. ಐಎಸ್‌ಐ ಗುರುತಿನ ಜತೆ ಆ ಅಂಕಿ ಕಂಡರೆ ಇನ್ನೂ ಒಳ್ಳೆಯದು.

ಪಾಕೀಟಿನ ಗಾತ್ರ ನೋಡಿ ಮೋಸಹೋಗಬೇಡಿ, ಎಣಿಕೆ ನೋಡಿ. ಎಂ.ಆರ್.ಪಿ. ಪಕ್ಕ ‘ಯು.ಎಸ್.ಪಿ.’ ಎಂದು ಒಂದು ಪೀಸಿನ ಬೆಲೆ ಮುದ್ರಿಸಿರುತ್ತಾರೆ. ಅದು ಎಂ.ಆರ್.ಪಿ. ಲೆಕ್ಕದ್ದು, ನೀವು ನಿಜವಾಗಿ ಕೊಟ್ಟ ರೊಕ್ಕವನ್ನು ಪೀಸಿನಿಂದ ಭಾಗಿಸಿ. 2025ರ ಸೆಪ್ಟೆಂಬರ್ 22ರಿಂದ ಮಕ್ಕಳ ಡೈಪರಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಮೊದಲು ₹100 ಇದ್ದದ್ದು ತೆರಿಗೆಯ ಲೆಕ್ಕದಲ್ಲೇ ₹94ರ ಹತ್ತಿರ ಬರಬೇಕು. ಅದಕ್ಕಿಂತ ಹಿಂದಿನ ತಾರೀಖಿನ ಪಾಕೀಟನ್ನು ಹಳೆಯ ರೇಟಿಗೇ ಕೊಡುತ್ತಿದ್ದರೆ ಕೇಳಿ.

ಇಷ್ಟಾದ ಮೇಲೂ ಪೀಸಿನ ರೇಟು ಪೂರ್ತಿ ಲೆಕ್ಕವಲ್ಲ. ತಿಳಿಯಲೆಂದು ಎರಡು ಅಂಕಿ ಇಟ್ಟುಕೊಳ್ಳೋಣ, ಅಲ್ಲಿ ನಿಮ್ಮ ಅಂಗಡಿಯ ರೇಟು ಹಾಕಿಕೊಳ್ಳಿ. ₹7ರ ಡೈಪರ್ ಸೋರುತ್ತದೆಂದು ದಿನಕ್ಕೆ 10 ಬದಲಿಸಿದರೆ ₹70. ₹9ರದು ಸೋರದೆ 8 ಸಾಕಾದರೆ ₹72. ಎರಡೂ ಒಂದೇ, ಆದರೆ ಮೊದಲನೆಯದರ ಜತೆ ದಿನಕ್ಕೆರಡು ಅಂಗಿ, ಒಂದು ಕೌದಿ ಒಗೆಯುವ ಕೆಲಸವೂ ಬಂತು. ಹಾಗಂತ ₹9ರದನ್ನೇ ದಿನಪೂರ್ತಿ ಹಾಕಿದರೆ ತಿಂಗಳಿಗೆ ₹2,160. ಅದನ್ನೇ ರಾತ್ರಿಗೆ ಮಾತ್ರ, ಮೂರು ಪೀಸಿನ ಲೆಕ್ಕದಲ್ಲಿ ಇಟ್ಟು ಹಗಲು ಅರಿವೆ ಕಟ್ಟಿದರೆ ₹810. ನಿಜವಾದ ಉಳಿತಾಯ ಇಲ್ಲಿದೆ. ಒಂದು ರೂಪಾಯಿ ಕಡಿಮೆಯ ಕಂಪನಿ ಹುಡುಕಿ ಊರೆಲ್ಲ ಸುತ್ತುವುದರಲ್ಲಿಲ್ಲ. ಒಂದೇ ಡೈಪರನ್ನು ಆರೇಳು ಗಂಟೆ ಬಿಟ್ಟು ಉಳಿಸುವುದಂತೂ ಬೇಡವೇ ಬೇಡ, ಆ ರೊಕ್ಕ ಮುಲಾಮಿಗೆ ಹೋಗುತ್ತದೆ.

ಡೈಪರ್ ಎಷ್ಟು, ಅರಿವೆ ಎಷ್ಟು ಎನ್ನುವುದು ಊರು ಮತ್ತು ತಿಂಗಳಿನ ಮೇಲಿದೆ. ಬಾಗಲಕೋಟೆ, ವಿಜಯಪುರದ ಏಪ್ರಿಲ್–ಮೇ ಬಿಸಿಲಿನಲ್ಲಿ 40 ಡಿಗ್ರಿ ದಾಟುತ್ತದೆ, ಹಗ್ಗಕ್ಕೆ ಹಾಕಿದ ಅರಿವೆ ಅರ್ಧ ತಾಸಿನಲ್ಲಿ ಗರಿಗರಿ. ಆಗ ಹಗಲು ಡೈಪರ್ ಯಾಕೆ? ಅದೇ ಬೆಳಗಾವಿ, ಖಾನಾಪುರದ ಕಡೆ ಜುಲೈ–ಆಗಸ್ಟಿನಲ್ಲಿ ಅರಿವೆ ಎರಡು ದಿನವಾದರೂ ಒಣಗದೆ ಮುಗ್ಗಲು ವಾಸನೆ ಹೊಡೆಯುತ್ತದೆ. ಅರೆಒಣಗಿದ ಅರಿವೆ ಕಟ್ಟುವುದಕ್ಕಿಂತ ಅಲ್ಲಿ ಡೈಪರ್ ಹೆಚ್ಚು ಬಳಸುವುದೇ ಸರಿ. ಆ ಹವೆಯಲ್ಲಿ ಒಡೆದ ಪಾಕೀಟನ್ನು ಡಬ್ಬಿಯಲ್ಲಿ ಮುಚ್ಚಿಡಿ, ಗಾಳಿಯ ತೇವಕ್ಕೆ ಪುಡಿಯೂ ನಾರೂ ಮೊದಲೇ ನೀರುಂಡು ಕೂರುತ್ತವೆ.

ನಿಮ್ಮ ಮಗಳಿಗೆ ಒಗೆದು ಸಾಕಾಗಿರುವುದರಲ್ಲಿ ನೀರಿನ ಪಾಲೂ ಇರಬಹುದು. ನಳದ ಬಾಯಿಗೆ ಬಿಳಿ ಸುಣ್ಣ ಕಟ್ಟುವ ಬೋರ್‌ವೆಲ್ ನೀರಿನಲ್ಲಿ ಸಾಬೂನಿನ ಬಿಲ್ಲೆ ನೊರೆ ಕೊಡದೆ ಜಿಡ್ಡಾಗಿ ಅರಿವೆಯ ಎಳೆಯಲ್ಲೇ ಕೂರುತ್ತದೆ. ಒಣಗಿದ ಮೇಲೆ ಅರಿವೆ ಹಪ್ಪಳದಂತೆ ಒರಟು, ನೀರೂ ಹೀರುವುದಿಲ್ಲ. ಅದೇ ಸಂದಿ ಉಜ್ಜಿ ಕೆಂಪಾಗಿಸುತ್ತದೆ. ಬಿಲ್ಲೆಯ ಬದಲು ಪುಡಿ ಸಾಬೂನು ಸ್ವಲ್ಪವೇ ಹಾಕಿ, ಮೂರು ನೀರಿನಲ್ಲಿ ಜಾಲಿಸಿ, ಬಿಸಿಲಿಗೆ ಹಾಕಿ. ಮೆತ್ತಗಾಗಿಸುವ ಕಂಫರ್ಟ್‌ನಂಥ ದ್ರವ ಬೇಡ, ಅದೂ ಹೀರುವ ಗುಣ ಕೆಡಿಸುತ್ತದೆ. ಹಳೆಯ ಧೋತರ ಎಲ್ಲಕ್ಕಿಂತ ಉತ್ತಮ. 20–24 ತುಂಡು ಇದ್ದರೆ ಒಂದು ದಿನ ಸಾಗುತ್ತದೆ. ಇಳಕಲ್ ಸೀರೆಯಾದರೆ ಹತ್ತಿಯ ಒಡಲು ಮಾತ್ರ ತೆಗೆದುಕೊಳ್ಳಿ, ರೇಷ್ಮೆಯ ಟೋಪ್ ತೆನಿ ಸೆರಗು ಮತ್ತು ಗಟ್ಟಿ ದಡಿ ಕತ್ತರಿಸಿ ಬಿಡಿ.

ಕಟ್ಟುವ ರೀತಿಯಲ್ಲೂ ಸೋರುವ ಕಾರಣ ಇರುತ್ತದೆ. ನಮ್ಮಲ್ಲಿ ಕೂಸಿಗೆ ದಿನಾ ಎಣ್ಣೆ ತಿಕ್ಕಿ ಎರೆಯುತ್ತೇವೆ. ಸೊಂಟ, ತೊಡೆಗಳ ಮೇಲೆ ಎಣ್ಣೆಯ ಜಿಡ್ಡು ಉಳಿದರೆ ಅದು ಡೈಪರಿನ ಮೇಲಿನ ಪದರಿಗೆ ಹತ್ತುತ್ತದೆ, ಉಚ್ಚೆ ಒಳಗಿಳಿಯದೆ ಮೇಲೆಯೇ ಜಾರಿ ಅಂಚಿನಿಂದ ಹೊರಗೆ ಬರುತ್ತದೆ. ಎಣ್ಣೆ ಬೆರಳಿನಿಂದ ಮುಟ್ಟಿದ ಟೇಪೂ ಅಂಟುವುದಿಲ್ಲ. ಎರೆದ ಮೇಲೆ ಮೆತ್ತನೆ ಅರಿವೆಯಿಂದ ಸಂದಿಗಳನ್ನು ಒತ್ತಿ ಒಣಗಿಸಿ, ಸ್ವಲ್ಪ ಹೊತ್ತು ಹಾಗೇ ಬಿಟ್ಟು, ಆಮೇಲೆ ಕಟ್ಟಿ. ಹಿಂದಿನ ಭಾಗ ಮುಂದಿನದಕ್ಕಿಂತ ತುಸು ಮೇಲಿರಲಿ. ಸೊಂಟದಲ್ಲಿ ಎರಡು ಬೆರಳು ಸಲೀಸಾಗಿ ಹೋಗಬೇಕು. ಕೊನೆಗೆ ಎರಡೂ ತೊಡೆಯ ಸುತ್ತ ಬೆರಳಾಡಿಸಿ ಝಾಲರನ್ನು ಹೊರಕ್ಕೆ ಎಳೆಯಿರಿ. ಒಳಕ್ಕೆ ಮಡಚಿದ ಝಾಲರು ಬತ್ತಿಯಂತೆ ಕೆಲಸ ಮಾಡಿ ನೀರನ್ನು ಅಂಗಿಗೆ ತರುತ್ತದೆ. ಗಂಡು ಕೂಸಾದರೆ ಬುಲ್ಲಿಯನ್ನು ಕೆಳಮುಖ ಮಾಡಿ ಕಟ್ಟಬೇಕು, ಇಲ್ಲವಾದರೆ ಹೊಟ್ಟೆಯ ಕಡೆಯಿಂದ ಸೋರುತ್ತದೆ.

ಕೆಂಪಾದದ್ದಕ್ಕೆ: ಉಚ್ಚೆ ಹೇಲು ಕೂಡಿದಾಗ ಅಮೋನಿಯಾ ಹುಟ್ಟುತ್ತದೆ, ಅದರಿಂದ ಹೇಲಿನೊಳಗಿನ ಜೀರ್ಣರಸಗಳು ಚುರುಕಾಗಿ ಚರ್ಮವನ್ನೇ ತಿನ್ನುತ್ತವೆ. ಅದಕ್ಕೇ ಹೇಲಿದ ಡೈಪರನ್ನು ಐದು ನಿಮಿಷವೂ ಬಿಡಬಾರದು, ಬರೀ ಉಚ್ಚೆಯದಾದರೆ ಎರಡು ಮೂರು ತಾಸು ನಡೆಯುತ್ತದೆ. ವೈಪ್ಸ್ ಬೇಡ; ಉಗುರುಬೆಚ್ಚಗಿನ ನೀರು, ಹತ್ತಿ ಸಾಕು, ಅಗ್ಗವೂ ಹೌದು. ಹೆಣ್ಣು ಕೂಸಿಗೆ ಒರೆಸುವುದು ಯಾವಾಗಲೂ ಮುಂದಿನಿಂದ ಹಿಂದಕ್ಕೆ. ದಿನಕ್ಕೆ ಮೂರು ನಾಲ್ಕು ಸಲ ಕಾಲು ಗಂಟೆ ಬೆತ್ತಲೆ ಮಲಗಿಸಿ, ಕೆಳಗೆ ರಬ್ಬರ್ ಶೀಟು, ಮೇಲೊಂದು ಅರಿವೆ. ಝಿಂಕ್ ಆಕ್ಸೈಡ್ ಇರುವ ಮುಲಾಮನ್ನು ದೋಸೆಗೆ ಬೆಣ್ಣೆ ಹಚ್ಚಿದಂತೆ ದಪ್ಪಗೆ ಹಚ್ಚಿ. ಮುಂದಿನ ಸಲ ಬದಲಿಸುವಾಗ ಹೊಲಸಾದ ಮೇಲ್ಪದರು ಮಾತ್ರ ತೆಗೆಯಿರಿ, ಪೂರ್ತಿ ತಿಕ್ಕಿ ತೆಗೆಯಬೇಡಿ. ಪೌಡರ್ ಬೇಡ. ಅದು ಸಂದಿಯಲ್ಲಿ ಹಿಟ್ಟಿನಂತೆ ಗಂಟಾಗುತ್ತದೆ, ಹಾರಿದ್ದು ಕೂಸಿನ ಉಸಿರಿಗೆ ಹೋಗುತ್ತದೆ. ಎರಡು ಮೂರು ದಿನಕ್ಕೂ ಇಳಿಯದಿದ್ದರೆ, ಅಥವಾ ಮಡಿಕೆಯ ಒಳಗೇ ಗಾಢ ಕೆಂಪಾಗಿ ಸುತ್ತ ಸಣ್ಣ ಸಣ್ಣ ಚುಕ್ಕೆ ಎದ್ದರೆ ಅದು ಶಿಲೀಂಧ್ರ, ಡಾಕ್ಟರಿಗೆ ತೋರಿಸಬೇಕು. ಗುಳ್ಳೆ, ಕೀವು, ಜ್ವರ ಕಂಡರೆ ಆ ಮೂರು ದಿನವನ್ನೂ ಕಾಯಬೇಡಿ. ಮೆಡಿಕಲ್ ಅಂಗಡಿಯಲ್ಲಿ ‘ಎಲ್ಲದಕ್ಕೂ ಒಂದೇ’ ಎಂದು ಕೊಡುವ ಟ್ಯೂಬುಗಳಲ್ಲಿ ಹೆಚ್ಚಾಗಿ ಸ್ಟಿರಾಯ್ಡ್ ಇರುತ್ತದೆ. ಡೈಪರಿನ ಬಿಗಿಯೊಳಗೆ ಅದು ಎಳೆ ಚರ್ಮಕ್ಕೆ ಇನ್ನಷ್ಟು ಇಳಿಯುತ್ತದೆ. ಚೀಟಿ ಇಲ್ಲದೆ ಹಚ್ಚಬೇಡಿ.

ನಿಮ್ಮ ಬೀಗತಿಯವರ ಮಾತಿನಲ್ಲಿ ಅರ್ಧ ನಿಜವಿದೆ. ಬೇಸಿಗೆಯಲ್ಲಿ ಡೈಪರಿನೊಳಗೆ ಬೆವರು, ಬಿಸಿ ಕೂಡುವುದು ಹೌದು, ಹಗಲು ಅರಿವೆ ಕಟ್ಟಿದರೆ ಆ ದೂರು ತೀರುತ್ತದೆ. ಕಾಲು ಸೊಟ್ಟಾಗುವುದು ಮಾತ್ರ ಡೈಪರಿನಿಂದಲ್ಲ. ಹೊಟ್ಟೆಯಲ್ಲಿ ಮಡಚಿಕೊಂಡು ಬೆಳೆದ ಕೂಸಿನ ಕಾಲು ಹುಟ್ಟುವಾಗಲೇ ಬಾಗಿರುತ್ತವೆ, ನಡೆಯಲು ಕಲಿತ ಮೇಲೆ ಒಂದೂವರೆ ಎರಡು ವರ್ಷಕ್ಕೆ ತಾವೇ ನೆಟ್ಟಗಾಗುತ್ತವೆ. ಕಾಲು ನೆಟ್ಟಗಾಗಲೆಂದು ಜೋಡಿಸಿ ಬಿಗಿಯಾಗಿ ಸುತ್ತುವುದೇ ಚಪ್ಪೆಯ (ತೊಡೆ, ಸೊಂಟ ಕೂಡುವ) ಕೀಲಿಗೆ ಕೆಟ್ಟದ್ದು. ಶೆಗಡಿಯ ಮೇಲೆ ಲೋಬಾನದ ಹೊಗೆ ಹಿಡಿಯುವ ಪದ್ಧತಿ ನಿಮ್ಮ ಮನೆಯಲ್ಲಿದ್ದರೆ ಬಿಟ್ಟುಬಿಡಿ. ಹೊಗೆ ಕೂಸಿನ ಎದೆಗೆ ಆಗುವುದಿಲ್ಲ, ಹೊರಹಾಳೆ ಪ್ಲಾಸ್ಟಿಕ್ ಆದ ಡೈಪರ್ ಕೆಂಡದ ಹತ್ತಿರ ಹೋಗುವುದಂತೂ ಅಪಾಯ.

ತೆಗೆದ ಡೈಪರಿನ ಹೇಲನ್ನು ಸಂಡಾಸಿಗೆ ಹಾಕಿ, ಡೈಪರನ್ನು ಸುರುಳಿ ಸುತ್ತಿ ಅದರದೇ ಟೇಪಿನಿಂದ ಅಂಟಿಸಿ, ಪೇಪರಿನಲ್ಲಿ ಕಟ್ಟಿ ಬೇರೆ ಚೀಲದಲ್ಲಿ ಕಸದ ಗಾಡಿಗೆ ಕೊಡಿ. ಹಳ್ಳಿಯಾದರೆ ಪಂಚಾಯ್ತಿಯ ಸ್ವಚ್ಛ ವಾಹಿನಿಗೆ. ಸಂಡಾಸಿಗೆ ಹಾಕಿದ ಒಂದೇ ಡೈಪರ್ ಉಬ್ಬಿ ಒಳಚರಂಡಿಯ ಚೇಂಬರ್ ಕಟ್ಟುತ್ತದೆ. ಸುಡಬೇಡಿ. ತಿಪ್ಪೆಗೂ ಬೇಡ, ಆ ಹಾಳೆ ಕೊಳೆಯದೆ ಗೊಬ್ಬರದ ಜತೆ ಹೊಲಕ್ಕೆ ಹೋಗುತ್ತದೆ.

ಕೊಳ್ಳುವ ಮೊದಲು ಒಂದು ಲೆಕ್ಕ. ಹತ್ತು ಹನ್ನೆರಡು ದಿನದ ಮೇಲೆ ಕೂಸು ದಿನಕ್ಕೆ 25–30 ಗ್ರಾಂ ಏರುತ್ತದೆ. ನಿಮ್ಮದು ಎರಡು ತಿಂಗಳಿಗೆ 4 ಕಿಲೋ ಹತ್ತಿರ ಬರಬಹುದು. ರಾತ್ರಿಗೆ ಮೂರು, ದವಾಖಾನೆಗೆ ಲಸಿಕೆಗೆ ಹೋಗುವಾಗ ಒಂದೆರಡು ಎಂದರೂ ಅಲ್ಲಿಯವರೆಗೆ 200 ‘ಎನ್‌ಬಿ’ ಪೀಸು ದಾಟುವುದಿಲ್ಲ. ಒಮ್ಮೆಗೇ ತಂದು ಪೇರಿಸಬೇಡಿ, ಹತ್ತು ಹದಿನೈದು ದಿನಕ್ಕೆ ಸಾಕಾಗುವಷ್ಟು ತನ್ನಿ. ತೊಡೆಯ ಸುತ್ತ ಕೆಂಪು ಗೆರೆ ಬಿದ್ದರೆ, ಟೇಪು ಎಳೆದರೂ ನಡುವಿಗೆ ಮುಟ್ಟದೆ ಅಂಚಿನಲ್ಲೇ ನಿಂತರೆ, ಬೆನ್ನಿನ ಕಡೆಯಿಂದ ಸೋರತೊಡಗಿದರೆ, ತೂಕ 5 ಕಿಲೋ ಆಗದಿದ್ದರೂ ‘ಎಸ್’ಗೆ ಹೋಗಿ. ಆಗ ನೀವು ಈಗ ತಂದಿಟ್ಟ ಬಿಡಿ ಪೀಸುಗಳೂ ಕೆಲಸಕ್ಕೆ ಬರುತ್ತವೆ. ತೊಟ್ಟಿಲ ಕಾರ್ಯಕ್ಕೆ ಬರುವ ಬೀಗರು ಏನು ತರಲಿ ಎಂದು ಕೇಳಿದರೆ ‘ಎಂ’ ಸೈಜಿನ ದೊಡ್ಡ ಪಾಕೀಟು ಹೇಳಿ: ಹೆಣ್ಣು ಕೂಸು 7 ಕಿಲೋ ಆದಾಗಿನಿಂದ, ಅಂದರೆ ಆರೇಳು ತಿಂಗಳಿಂದ ಹೆಚ್ಚುಕಡಿಮೆ ಎರಡು ವರ್ಷದವರೆಗೆ ಅದೇ ನಡೆಯುತ್ತದೆ. ಪಾಕೀಟಿನ ತಾರೀಖು ಮಾತ್ರ ನೋಡಿ ಇಟ್ಟುಕೊಳ್ಳಿ.